ಒಂದು ಮೀಟರಿನ ಅಲೆ

ಮೂರು ದಿನ ಶೋಕ ಅಂತ ಸಾರಿದ್ದಾರೆ.
ಮತೊಸಿನ್ಯೋಸ್ ಬಂದರಿನ ಬಾವುಟ
ಕಂಬದ ಅರ್ಧಕ್ಕಿಳಿದು
ಒದ್ದೆ ಅಂಗಿಯ ಹಾಗೆ ಜೋತುಬಿದ್ದಿದೆ.
ಔಷಧಿ ಅಂಗಡಿಯ ಗಾಜಿಗೆ, ಲಾಟರಿ ಮಾರುವ ಗೂಡಿಗೂ
ಅವನದೇ ಮುಖ: ಅನ್ಸೆಲ್ಮೊ ಕಿಂತೆಲಾ,
ನಲವತ್ತೊಂದು ವರ್ಷ ರೇಡಿಯೋದಲ್ಲಿ ಹವಾಮಾನ ಓದಿದವನು.
ಮುಖ ನೋಡಿದ್ದು ಈಗಲೇ ನಾನು.
ಇಷ್ಟು ಸಣ್ಣ ಗದ್ದವೇ, ಅಷ್ಟು ದೊಡ್ಡ ದನಿಗೆ?

ಕಾರ್ಖಾನೆಯಲ್ಲಿ ಹನ್ನೊಂದಕ್ಕೆ ಸೈರನ್ನು.
ಬೆಲ್ಟು ನಿಂತಿತು. ಎಂಬತ್ತು ಹೆಂಗಸರು
ಕೈಗವಸು ಕಳಚಿ ತಲೆ ತಗ್ಗಿಸಿದರು.
ಗ್ರಾಸಿಂದಾಳ ಭುಜ ಕುಲುಕುತ್ತಿತ್ತು, ನಿಜವಾಗಿಯೇ.
ಬೆಲ್ಟು ನಿಂತರೂ ನನ್ನ ಚಾಕು ನಿಲ್ಲಲಿಲ್ಲ.
ಬೂತಾಯಿಯ ತಲೆ ಒಂದು, ಇನ್ನೊಂದು, ಮತ್ತೊಂದು.
ಆ ಮೌನದಲ್ಲಿ ಚಕ್ ಚಕ್ ಸದ್ದು
ನನಗೇ ಅಸಹ್ಯ ಅನಿಸಿತು. ಆದರೂ
ಕೈಗೆ ಯಾರು ಹೇಳಬೇಕು?

"ಜುಲ್ಮೀರಾ, ಕಲ್ಲೇನೇ ನೀನು?" ಅಂದಳು ಆಮೇಲೆ,
ಮೂಗು ಒರೆಸಿಕೊಳ್ಳುತ್ತ, "ಮನೆಯವನೇ ಹೋದ ಹಾಗಾಗಿದೆ ನನಗೆ."
ಮನೆಯವನು ಹೋದರೆ ಹೇಗಾಗುತ್ತದೆ ಅಂತ
ನಾನು ಹೇಳಲಿಲ್ಲ. ಅವಳ ಮನೆಯವನು
ಸಂಜೆ ಗೇಟಿನ ಹತ್ತಿರ ಸ್ಕೂಟರ್ ಹಿಡಿದು ಕಾಯುತ್ತಾನೆ,
ಒಳ್ಳೆಯವನು, ಇರಲಿ, ನೂರು ಕಾಲ.

ಹತ್ತೊಂಬತ್ತು ವರ್ಷದ ಹಿಂದೆ, ಫೆಬ್ರವರಿ, ಬೆಳಗಿನ ಜಾವ ನಾಲ್ಕು.
ಬೆಲ್ಮಿರೊ ಒಂದೇ ಕಾಲಿಗೆ ಬೂಟು ಹಾಕಿಕೊಂಡು
ಇನ್ನೊಂದನ್ನು ಹುಡುಕುತ್ತಿದ್ದ. ರೇಡಿಯೋ ಹೇಳಿತು:
"ವಾಯವ್ಯದ ಗಾಳಿ, ಸೌಮ್ಯ. ಅಲೆ ಒಂದು ಮೀಟರು.
ಕೈತುಂಬ ಮೀನಾಗಲಿ, ಸಮುದ್ರದ ಗೆಳೆಯರೇ."
ಬೂಟು ಮಂಚದಡಿ ಇತ್ತು.
ಹುಡುಕಿಕೊಟ್ಟವಳು ನಾನೇ.

ಅವನು ಸುಳ್ಳು ಹೇಳಲಿಲ್ಲ, ಗೊತ್ತು.
ಯಾರೋ ಬರೆದುಕೊಟ್ಟ ಚೀಟಿ, ಓದಿದ.
ಸಮುದ್ರ ಚೀಟಿ ಓದುವುದಿಲ್ಲ, ಅಷ್ಟೆ.
ದ್ವೇಷವೂ ಇಲ್ಲ. ಇದ್ದಿದ್ದರೆ ಸುಲಭವಿತ್ತು.
ದ್ವೇಷಿಸುವವರಿಗೂ ಈ ವಾರ ಒಂದು ಜಾಗ ಇದೆ:
ಬಾರಿನ ಮೂಲೆಯಲ್ಲಿ ನಾಲ್ಕು ಜನ ಕೂತು
ಅವನ ಸಂಬಳ, ಅವನ ಮೂರನೇ ಮದುವೆ ಲೆಕ್ಕ ಹಾಕುತ್ತಿದ್ದಾರೆ.
ನನಗೆ ಅಲ್ಲೂ ಕುರ್ಚಿ ಇಲ್ಲ.

ಬುಧವಾರ ಲಿಸ್ಬನ್ನಿನ ಬೀದಿಯಲ್ಲಿ ಪೆಟ್ಟಿಗೆ ಹೊರಟಿತು.
ಇಸ್ತ್ರಿ ಮಾಡುತ್ತ ಟೀವಿಯಲ್ಲಿ ನೋಡಿದೆ.
ಎಷ್ಟು ಹೂವು! ಒಂದು ಕಾಲರು ಸುಟ್ಟೂ ಬಿಟ್ಟಿತು.
ಬೆಲ್ಮಿರೊಗೆ ಪೆಟ್ಟಿಗೆ ಇರಲಿಲ್ಲ,
ಒಳಗಿಡಲು ಏನೂ ಸಿಕ್ಕಿರಲಿಲ್ಲ.
ಪಾದ್ರಿ ಕೊಡೆಯಡಿ ನಿಂತು ನೀರಿನ ಕಡೆ ಕೈಯೆತ್ತಿದರು.
ನಾವು ಆರು ಜನ, ಯಾರದೋ ನಾಯಿ.

ಗುರುವಾರ ಬಾವುಟ ಮೇಲೇರಿತು.
ಶುಕ್ರವಾರ ಅವನ ಮುಖದ ಮೇಲೆಯೇ ಅಂಟಿಸಿದ್ದರು
ಭಾನುವಾರದ ಫುಟ್‌ಬಾಲ್ ಪಂದ್ಯದ ಚೀಟಿ.
ಶನಿವಾರ ನಾಲ್ಕಕ್ಕೆ ರೇಡಿಯೋ ಹಾಕಿದೆ, ಅಭ್ಯಾಸಬಲ.
ಯಾವಳೋ ಹುಡುಗಿ, ಚುರುಕು ದನಿ.
"ವಾಯವ್ಯದ ಗಾಳಿ" ಅಂದಳು.

ಬೆಲ್ಮಿರೊನ ದನಿ ನನಗೆ ಎಂದೋ ಮರೆತುಹೋಗಿದೆ.
ಕೆಮ್ಮು ನೆನಪಿದೆ, ದನಿ ಇಲ್ಲ.
ಆ ಜಾವದಿಂದ ಉಳಿದಿದ್ದದ್ದು ಒಂದೇ ದನಿ,
ಹೋದ ತಿಂಗಳವರೆಗೂ ದಿನಾ ನಾಲ್ಕಕ್ಕೆ ಬರುತ್ತಿತ್ತು.
ಅದು ಬಂದಾಗಲೆಲ್ಲ
ಬೂಟು ಇನ್ನೂ ಮಂಚದಡಿಯೇ ಇರುತ್ತಿತ್ತು.

ಐದೂವರೆಯ ಬಸ್ಸಿನಲ್ಲಿ ಅತ್ತೆ,
ಗ್ರಾಸಿಂದಾಳಿಗಿಂತ ಜೋರಾಗಿ, ಮೂಗು ಸೋರಿಸಿಕೊಂಡು.
ಪಕ್ಕದ ಹುಡುಗ ಕಿವಿಯಿಂದ ಹಾಡು ಕಿತ್ತು ಕೇಳಿದ,
"ಯಾರಾದರೂ ತೀರಿಕೊಂಡರಾ ಅಜ್ಜಿ?"
ಅಜ್ಜಿ ಅಂದನಲ್ಲ ಅಂತ ಒಂದು ಕ್ಷಣ ಸಿಟ್ಟು.
ರೇಡಿಯೋದವನು ಅನ್ನಲೇ? ಅವನ ಶೋಕ ಮುಗಿದಿದೆ.
ಇನ್ನೊಬ್ಬನದು ಹಳೆಯದಾಗಿದೆ.
"ಅಲೆ ಎಷ್ಟಂತೆ ಇವತ್ತು?" ಅಂದೆ.
ಅವನು ಫೋನು ಉಜ್ಜಿ, ಬೆಳಕಿಗೆ ಕಣ್ಣು ಕಿರಿದುಮಾಡಿ
ಎರಡೂವರೆ, ಅಂದ.